ಗಾಳಿಗೆ ಮೊದಲೇ ಬಿಚ್ಚಿದ ಮನೆ

ಆ ವಾರ ಟಿ.ವಿ.ಯವರು ಮದುವೆ ದಿಬ್ಬಣ ಕಾಯುವವರ ಹಾಗೆ ಚಂಡಮಾರುತವನ್ನು ಕಾಯುತ್ತಿದ್ದರು. ಅರಬ್ಬೀ ಸಮುದ್ರದ ನಡುವೆ ಒಂದು ಬಿಳಿ ಚಕ್ರ, ಅದರ ಮುಂದೊಂದು ಕೆಂಪು ಬಾಣ, ಬಾಣದ ಮೊನೆಯಲ್ಲಿ ನಮ್ಮ ಕರಾವಳಿ. ಈಗ ಬರುತ್ತದೆ, ಇಗೋ ಹತ್ತಿರವಾಯಿತು ಎಂದು ಕೋಟು ಹಾಕಿದವನೊಬ್ಬ ಕೂಗುತ್ತಿದ್ದ. ಅವನ ಮುಖದಲ್ಲಿ ಹೆದರಿಕೆಗಿಂತ ಸಂಭ್ರಮವೇ ಹೆಚ್ಚಿತ್ತು. ನಾನು ಹೊಸನಗರದಲ್ಲಿ ಶಾಮಿಯಾನ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವವನು. ಮೇ ತಿಂಗಳೆಂದರೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಗಾಳಿ ಬಂದರೆ ಯಾವ ಯಾವ ಮದುವೆಯ ಚಪ್ಪರ ಹಾರಬಹುದು ಎಂಬುದಷ್ಟೇ ಅಲ್ಲಿಯವರೆಗೆ ನನ್ನ ಚಿಂತೆಯಾಗಿತ್ತು.

ಅತ್ತೆಯ ಫೋನು ಬಂದಾಗ ನಾನು ಒಂದು ಮದುವೆ ಮನೆಯ ಅಂಗಳದಲ್ಲಿ ಚಪ್ಪರದ ಹಗ್ಗ ಬಿಚ್ಚುತ್ತಿದ್ದೆ. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮದುವೆಯಾಗಿ ಘಟ್ಟದ ಕೆಳಗೆ, ಕುಂದಾಪುರದಿಂದ ಆಚೆ, ಕಡಲ ತಡಿಯ ಊರಿಗೆ ಹೋದವಳು. ಮಾವ ಅಲ್ಲಿಯ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ತೀರಿಕೊಂಡು ಬಹಳ ವರ್ಷವಾಯಿತು. ಅತ್ತೆಯ ಜೊತೆ ಅವಳ ಒಬ್ಬಳೇ ಮಗಳಿದ್ದಾಳೆ, ಗೋಡಂಬಿ ಕಾರ್ಖಾನೆಗೆ ಹೋಗುತ್ತಾಳೆ, ಮದುವೆ ಬೇಡವೆಂದು ಕುಳಿತವಳು. ಕಡಲಿಗೂ ಅವರ ಮನೆಗೂ ನಡುವೆ ಇರುವುದು ನಾಲ್ಕು ತೆಂಗಿನ ಮರ, ಒಂದು ಮರಳ ದಿಬ್ಬ, ಅಷ್ಟೇ.

"ಏ ಹುಡ್ಗಾ, ಗಾಡಿ ಖಾಲಿ ಇದ್ಯನಾ?" ಎಂದಳು ಅತ್ತೆ. ನನಗೆ ಐವತ್ತು ದಾಟಿದೆ, ಮಗಳನ್ನು ಧಾರೆ ಎರೆದು ಕೊಟ್ಟಾಗಿದೆ. ಅತ್ತೆಗೆ ಮಾತ್ರ ನಾನಿನ್ನೂ ಹುಡುಗನೇ.

"ಎಂತಕ್ಕತ್ತೆ?"

"ಗಾಳಿ ಬರ್ತದಂತೆ. ಪಂಚಾಯ್ತಿಯವ್ರು ಆಟೋದಲ್ಲಿ ಮೈಕ್ ಕಟ್ಕಂಡ್ ಕೂಗ್ತಾ ಹೋದ್ರು. ಕಡಲ ಬದಿಯವ್ರೆಲ್ಲ ಮನೆ ಬಿಟ್ಟು ಶಾಲೆಗೆ ಹೋಗ್ಬೇಕಂತೆ. ನಾಳೆ ಬೆಳಿಗ್ಗೆನೇ ಬಂದ್ಬಿಡು. ಹಗ್ಗ ಜಾಸ್ತಿ ತಗಂಡ್ ಬಾ."

ನನಗೆ ನಿಜವಾಗಿ ಸಂತೋಷವಾಯಿತು. ನಮ್ಮ ಮನೆಗೆ ಬಂದರೆ ಎರಡನೆಯ ರಾತ್ರಿ ನಿಲ್ಲದೆ ಬಸ್ಸು ಹತ್ತುವ ಹೆಂಗಸು ತಾನಾಗಿ ಬರುತ್ತೇನೆನ್ನುತ್ತಿದ್ದಾಳೆ, ಅಷ್ಟಾದರೂ ಬುದ್ಧಿ ಬಂತಲ್ಲ ಎಂದುಕೊಂಡೆ. ಹಗ್ಗ ಯಾಕೆ ಎಂದು ಕೇಳಲಿಲ್ಲ. ಪಾತ್ರೆಪಗಡ, ಹಾಸಿಗೆ ಕಟ್ಟುವುದಕ್ಕೆ ಇರಬಹುದು ಎಂದುಕೊಂಡೆ. ಬಾಡಿಗೆ ಸಾಮಾನಿನವನ ಬುದ್ಧಿ, ಎರಡು ತಾಡಪಾಲನ್ನೂ ಗಾಡಿಯೊಳಗೆ ಹಾಕಿಕೊಂಡೆ.

ಹುಲಿಕಲ್ ಘಾಟಿ ಇಳಿಯುವಾಗ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಕೆಳಗಿಳಿದಂತೆ ಸೆಕೆ ಹೆಚ್ಚಿ ಅಂಗಿ ಬೆನ್ನಿಗೆ ಅಂಟಿತು. ಘಟ್ಟದ ಮೇಲಿನ ನಮಗೆ ಮಳೆಯ ವಿಷಯದಲ್ಲಿ ಒಂದು ಜಂಬವಿದೆ. ಆಗುಂಬೆ ನಮ್ಮ ಪಕ್ಕದ ಮನೆ, ನಮಗೆ ಯಾವನು ಮಳೆ ತೋರಿಸುತ್ತಾನೆ ಎಂಬ ಧಿಮಾಕು. ಆದರೆ ಗಾಳಿಯ ಸುದ್ದಿ ನಮಗೆ ಗೊತ್ತಿಲ್ಲ. ನಮ್ಮ ಕಡೆ ಗಾಳಿ ಕಾಡಿನ ಮೇಲೆ ಹಾದು, ಒಂದಿಷ್ಟು ಮರ ಕೆಡವಿ, ದಣಿದು ಬರುತ್ತದೆ. ಬಟಾಬಯಲಿನಲ್ಲಿ ಅದು ಹೇಗೆ ಬರುತ್ತದೆಂದು ನೋಡಿದವರು ನಮ್ಮಲ್ಲಿ ಕಡಿಮೆ.

ಕಡಲ ತಡಿಯ ರಸ್ತೆಗೆ ಬಂದರೆ ಊರು ಊರೇ ಎದ್ದು ನಿಂತಿತ್ತು. ದೋಣಿಗಳನ್ನು ಮರಳಿನಿಂದ ಎಳೆದು ಡಾಂಬರು ರಸ್ತೆಯ ಅಂಚಿಗೆ ತಂದು ತೆಂಗಿನ ಮರಗಳಿಗೆ ಬಿಗಿದಿದ್ದರು. ಹೆಂಗಸರು ಒಣಮೀನನ್ನು ಅರೆ ಒಣಗಿದ್ದರೂ ಬಿಡದೆ ಚೀಲಕ್ಕೆ ತುಂಬುತ್ತಿದ್ದರು. ಮನೆಯ ಹತ್ತಿರದ ತೆಂಗುಗಳಿಂದ ಕಾಯಿ, ಒಣ ಗರಿಗಳನ್ನು ಇಳಿಸುತ್ತಿದ್ದರು, ಗಾಳಿಗೆ ಹಾರಿ ಯಾರ ತಲೆಗಾದರೂ ಬಿದ್ದೀತು ಎಂದು. ಹಂಚಿನ ಮಾಡುಗಳ ಮೇಲೆ ಹಳೆಯ ಮೀನುಬಲೆ ಹಾಸಿ, ಬಲೆಯ ಅಂಚಿಗೆ ಮರಳಿನ ಚೀಲ ಕಟ್ಟಿ ಕೆಳಗೆ ಇಳಿಬಿಟ್ಟಿದ್ದರು. ಮಾಡು ಎಂದರೆ ಅವರಲ್ಲಿ ಮನೆಯ ಮೇಲಿನ ಹೊದಿಕೆ. ಆ ಊರಿನಲ್ಲಿ ಯಾರೂ ಕೂಗಾಡುತ್ತಿರಲಿಲ್ಲ. ಎಲ್ಲರೂ ಆಗಾಗ ತಲೆ ಎತ್ತಿ ಕಡಲಿನ ಕಡೆ ನೋಡಿ ಮತ್ತೆ ಕೈಕೆಲಸಕ್ಕೆ ಬಗ್ಗುತ್ತಿದ್ದರು. ಕಡಲು ಮಾತ್ರ ತೆಪ್ಪಗೆ, ಎಣ್ಣೆ ಹೊಯ್ದ ಹಾಗೆ ಬಿದ್ದಿತ್ತು.

ಅತ್ತೆಯ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ ನೋಡುತ್ತೇನೆ, ಎಪ್ಪತ್ತರ ಅತ್ತೆ ಏಣಿಯ ಮೇಲಿದ್ದಾಳೆ! ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸೂರಿನ ಹಂಚು ಒಂದೊಂದೇ ತೆಗೆದು ಕೆಳಗೆ ಕೊಡುತ್ತಿದ್ದಾಳೆ. ಮಗಳು ಅಳುಮೋರೆ ಮಾಡಿಕೊಂಡು ಅದನ್ನು ಗೋಡೆಗೆ ಒರಗಿಸಿ ಜೋಡಿಸುತ್ತಿದ್ದಾಳೆ. ಸುತ್ತಲಿನ ಮನೆಯವರೆಲ್ಲ ಹಂಚು ಬಿಗಿಯುತ್ತಿದ್ದರೆ ನಮ್ಮವಳೊಬ್ಬಳು ಬಿಚ್ಚುತ್ತಿದ್ದಾಳೆ.

"ಅತ್ತೆ, ಇಳಿ ಕೆಳಗೆ! ತಲೆ ಕೆಟ್ಟಿದ್ಯಾ ನಿಂಗೆ?" ಎಂದು ಕಿರುಚಿದೆ. ನನಗೆ ಸಿಟ್ಟು ಬಂದರೆ ಹಿರಿಯರು ಕಿರಿಯರು ಕಾಣುವುದಿಲ್ಲ.

ಅತ್ತೆ ಹಿಂತಿರುಗಿಯೂ ನೋಡಲಿಲ್ಲ. "ಬಂದ್ಯಾ? ಒಳ್ಳೇದಾಯ್ತು. ನೀನು ಮೇಲೆ ಹತ್ತು. ಕಡಲ ಬದಿಯಿಂದ ಶುರು ಮಾಡು. ಹಂಚಿನಡಿ ರೀಪು ಮುರೀಬ್ಯಾಡ, ಮೊಳೆ ಕಿತ್ತು ತೆಗಿ."

"ಭಾವ, ನೀವಾದ್ರೂ ಹೇಳಿ," ಎಂದಳು ಅತ್ತೆಯ ಮಗಳು. "ನಿನ್ನೆಯಿಂದ ಹೇಳ್ತಾ ಇದ್ದೆ. ಬಾಗ್ಲ್ ಹಾಯ್ಕಂಡ್ ಶಾಲಿಗ್ ಹೋಪ ಅಂದ್ರೆ ಕೇಂತಿಲ್ಲ."

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಎದ್ದು ಬಂದವರನ್ನು ಸಾಗರ, ಹೊಸನಗರದ ಕಡೆ ಮುಳುಗಡೆಯವರು ಎನ್ನುತ್ತಾರೆ. ನಾವು ಮುಳುಗಡೆಯವರು. ನನ್ನ ಅಜ್ಜ ಇನ್ನೊಬ್ಬರ ಗದ್ದೆ ಗೇಣಿಗೆ ಮಾಡುತ್ತಿದ್ದವನು. ಹೊಟ್ಟೆ ಬಟ್ಟೆ ಕಟ್ಟಿ, ಅಡಿಕೆ ಸೋಗೆಯ ಮಾಡು ತೆಗೆದು, ಮನೆಗೆ ಹಂಚು ಹೊದಿಸಿ ಒಂದು ಮಳೆಗಾಲವೂ ಕಳೆದಿರಲಿಲ್ಲ, ನೀರು ಬರುತ್ತದೆ ಏಳಿ ಎಂದರು. ನೆರೆಕೆರೆಯ ಜಾಣರು ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ಹಂಚು, ಅದನ್ನು ಹೊರುವ ಪಕಾಸು, ಕಂಬ, ಬಾಗಿಲು, ಕಿಟಕಿ ಎಲ್ಲವನ್ನೂ ಎತ್ತಿನ ಗಾಡಿಗೆ ಹೇರಿ ದಿಬ್ಬ ಹತ್ತಿಸಿದರು. ಅಜ್ಜನಿಗೆ ಮಾತ್ರ ಕೈ ಬರಲಿಲ್ಲ. ಈಗಷ್ಟೇ ಹೊದಿಸಿದ ಹಂಚನ್ನು ತನ್ನ ಕೈಯಾರೆ ಹೇಗೆ ಇಳಿಸುವುದು? ನೀರು ಇಷ್ಟೆತ್ತರಕ್ಕೆ ಬರುವುದಿಲ್ಲ ಎಂದು ಜಗಲಿಯ ಮೇಲೆ ಕುಳಿತ. ಆಷಾಢದ ಒಂದು ಬೆಳಿಗ್ಗೆ ನೀರು ಅಂಗಳಕ್ಕೇ ಬಂತು. ದನ, ಮಕ್ಕಳು, ಎರಡು ಹಂಡೆ, ಇಷ್ಟು ಹಿಡಿದುಕೊಂಡು ಓಡಿದರು. ಕೊಟ್ಟ ಜಾಗ ಬರೀ ಕಾಡು. ಬಿಚ್ಚಿ ತಂದವರು ಅದೇ ಹಂಚಿನಲ್ಲಿ ಹೇಗೋ ಒಂದು ಸೂರು ಎಬ್ಬಿಸಿಕೊಂಡರು. ನಮ್ಮವರು ಆ ಮಳೆಗಾಲವನ್ನು ಸೊಪ್ಪಿನ ಚಪ್ಪರದಡಿ ಕಳೆದರು. ಅತ್ತೆಯ ಸೊಂಟದ ಮೇಲೆ ಬೆಳೆಯುತ್ತಿದ್ದ ಪುಟ್ಟ ತಂಗಿ ಆ ಚಪ್ಪರದಡಿಯಲ್ಲೇ ಜ್ವರ ಬಂದು ತೀರಿಹೋಯಿತು. ಆಗ ಅತ್ತೆಗೆ ಹತ್ತೋ ಹನ್ನೊಂದೋ ವರ್ಷ.

ನಮ್ಮ ಕೇರಿಯಲ್ಲಿ ಈಗಲೂ ಕೆಲವು ಮನೆಗಳ ಬಾಗಿಲು ಮನೆಗಿಂತ ದೊಡ್ಡದು. ಮುಳುಗಿದ ಊರಿನ ಬಾಗಿಲು, ಮೇಲೆ ಬಂದು ಕಟ್ಟಿದ ಗೋಡೆ. ಹೊಸಬರು ನೋಡಿ ನಗುತ್ತಾರೆ, ನಾವು ನಗುವುದಿಲ್ಲ. 'ಬಿಚ್ಚಿದವನ ಮನೆ ಉಳೀತು, ಕೂತವನ ಮನೆ ಮುಳುಗಿತು' ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಸರ್ಕಾರದವರು ಬಂದು ಮನೆ ಬಿಡಿ ಎಂದರೆ ಉಳಿದವರು ಬೀಗ ಹಾಕುತ್ತಾರೆ. ಮುಳುಗಡೆಯವರು ಹಂಚು ಇಳಿಸುತ್ತಾರೆ. ಬಿಟ್ಟ ಮನೆಗೆ ತಿರುಗಿ ಬರಬಹುದು ಎನ್ನುವುದು ನಮ್ಮ ರಕ್ತದಲ್ಲಿಲ್ಲ.

ಏಣಿಯ ಕೆಳಗೆ ನಿಂತಿದ್ದ ನನಗೆ ಇದೆಲ್ಲ ಯಾರೂ ಹೇಳಬೇಕಾಗಿರಲಿಲ್ಲ. ಅತ್ತೆ ಕೆಳಗಿಳಿದು, ಕೈಯ ಕೆಂಪು ಧೂಳು ಸೆರಗಿಗೆ ಒರೆಸಿಕೊಂಡು ಹೇಳಿದ್ದು ಇಷ್ಟೇ: "ನಾಳೆ ಇವ್ಳನ್ನ ಕರ್ಕಂಡು ಮರದಡಿ ನಿಲ್ಲಕ್ಕೆ ನಂಗೆ ಆಗಲ್ಲ. ಒಂದ್ಸಲ ನಿಂತಿದ್ದು ಸಾಕು. ಗೋಡೆ ಹೋದ್ರೆ ಹೋಗ್ಲಿ, ಮಣ್ಣು ಎಲ್ಲಾದ್ರೂ ಸಿಗ್ತದೆ. ಹಂಚು, ಮರ, ಬಾಗ್ಲು ಇದ್ರೆ ಎಲ್ಲಾದ್ರೂ ಒಂದು ಸೂರು ಮಾಡ್ಕಬಹುದು."

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಹೌದಲ್ಲ ಅನ್ನಿಸಿತು. ಟಿ.ವಿ.ಯ ಬಾಣ ನೇರ ಈ ಅಂಗಳಕ್ಕೇ ಬರುವ ಹಾಗಿತ್ತು. ಗಾಳಿ ಹೊತ್ತೊಯ್ಯುವ ಹಂಚನ್ನು ನಾವು ಹೊತ್ತೊಯ್ದರೆ ತಪ್ಪೇನು? ಅಂಗಿ ಕಳಚಿ ಮೇಲೆ ಹತ್ತಿದೆ.

ಪಕ್ಕದ ಮನೆಯ ಮೀನುಗಾರ ತನ್ನ ಮಾಡಿನ ಮೇಲೆ ಬಲೆ ಬಿಗಿಯುತ್ತಿದ್ದವನು ಅಲ್ಲಿಂದಲೇ ನೋಡಿದ. ಮಾವನ ಕಾಲದಿಂದ ಇವರ ಕಷ್ಟಸುಖಕ್ಕೆ ಆದವನು, ನನಗಿಂತ ಸ್ವಲ್ಪ ದೊಡ್ಡವನು. ನೋಡುವಷ್ಟು ಹೊತ್ತು ನೋಡಿ, ತಡೆಯಲಾರದೆ ಇಳಿದು ಬಂದ.

"ಎಂತ ಹೆಡ್ಡ್ ಕೆಲ್ಸ ಮಾರಾಯ್ರೆ ಇದ್! ಮಾಡ್ ಬಿಚ್ಚಿರೆ ಗೋಡಿ ನಿಲ್ಲುದ್ ಹ್ಯಾಂಗೆ? ಮಣ್ಣಿನ್ ಗೋಡಿ ಅಲ್ದಾ? ನನ್ನತ್ರ ಇನ್ನೊಂದ್ ಬಲೆ ಇತ್ತ್, ಹಾಕಿ ಬಿಗಿವ."

"ಬಲೆ ಗಾಳಿ ತಡೀತದಾ?" ಎಂದಳು ಅತ್ತೆ.

"ತಡೂದಿಲ್ಲ ಅಕ್ಕಾ. ಹಂಚ್ ನಾಕ್ ಹಾರ್ತ್, ನಾಕ್ ಉಳೀತ್. ಹಾರಿದ್ದನ್ನ ಮತ್ತೆ ಹಾಕುಕ್ ಆತ್ತ್."

"ಗಾಳಿ ಜೊತೆ ಕಡಲೂ ಬಂದ್ರೆ?"

ಕಡಲು ಬಂದರೆ ಬಲೆಯೂ ಇಲ್ಲ, ಮನೆಯೂ ಇಲ್ಲ, ಅದು ಅವನಿಗೂ ಗೊತ್ತು. ಹೋದ ಮಳೆಗಾಲದ ಕೊರೆತದಲ್ಲಿ ಅವನದೇ ತೆಂಗಿನ ಸಾಲೊಂದು ಕಡಲಿಗೆ ಹೋಗಿತ್ತು. "ನಿಮ್ಮಿಷ್ಟ. ಮನಿ ಬಿಚ್ಚುಕೆ ಮಾತ್ರ ನಾ ಕೈ ಹಾಕುದಿಲ್ಲ," ಎಂದು ಹೇಳಿ ಹೋದ. ಅವನು ಹೇಳಿದ್ದರಲ್ಲಿ ನ್ಯಾಯ ಇತ್ತು. ಅತ್ತೆ ಹೇಳಿದ್ದರಲ್ಲೂ ಇತ್ತು. ಎರಡು ನ್ಯಾಯದ ನಡುವೆ ನಾನು ಮಾಡಿನ ಮೇಲೆ ಕುಳಿತಿದ್ದೆ. ಕೆಳಗೆ ಅತ್ತೆ ಕೈ ಚಾಚಿ ನಿಂತಿದ್ದಳು. ಹಂಚು ತೆಗೆದು ಕೊಟ್ಟೆ.

ಮನೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಅಡುಗೆ ಮನೆ, ಮುಂದೊಂದು ಜಗಲಿ. ಬಿಚ್ಚುವುದಕ್ಕೆ ಹೊತ್ತೇನೂ ಹಿಡಿಯಲಿಲ್ಲ. ಕಟ್ಟುವಾಗ ಮಾವ ಕಾರ್ಖಾನೆಯ ಕೆಲಸ ಮುಗಿಸಿ ಬಂದು, ಸಂಜೆ ಸಂಜೆ ಒಂದಿಷ್ಟು ಕಟ್ಟಿ, ವರ್ಷಗಟ್ಟಲೆ ಎಳೆದಿದ್ದರಂತೆ. ಅತ್ತೆಯ ಮಗಳು ಹಂಚು ಜೋಡಿಸುತ್ತಾ ಅದನ್ನು ಹೇಳಿದಳು, ಬಯ್ಯುವ ದನಿಯಲ್ಲೇ. ಒಳಗೆ ಬಿಸಿಲು ಬಿದ್ದಾಗ ಒಂದು ತರಹ ಆಯಿತು. ಮಸಿ ಹಿಡಿದ ಅಡುಗೆ ಮನೆ, ದೇವರ ಗೂಡು, ಹಗ್ಗದ ಮೇಲಿನ ಲಂಗ ರವಿಕೆ ಎಲ್ಲವೂ ಬಟಾಬಯಲಾಗಿ ಬೀದಿಗೆ ಕಾಣತೊಡಗಿದವು. ಮಗಳು ಓಡಿಹೋಗಿ ಮೊದಲು ಬಟ್ಟೆಗಳನ್ನು ಎಳೆದುಕೊಂಡಳು. ರಸ್ತೆಯಲ್ಲಿ ಶಾಲೆಯ ಕಡೆ ಚಾಪೆ ಹೊತ್ತು ಹೋಗುತ್ತಿದ್ದವರು ನಿಂತು ನೋಡಿ ಮುಂದೆ ಹೋದರು.

ಅರ್ಧ ಹಂಚು ಗಾಡಿಗೆ ಏರಿತು. ಮೇಲೆ ಬಾಗಿಲು, ಎರಡು ಕಿಟಕಿ, ಬಿಚ್ಚಲು ಬಂದಷ್ಟು ಪಕಾಸು. ಇನ್ನರ್ಧ ಹಂಚನ್ನು ತೆಂಗಿನ ಬುಡದಲ್ಲಿ ಜೋಡಿಸಿದೆವು. ತೊಲೆಗಳನ್ನು ಗೋಡೆಯ ಮೇಲೆಯೇ ಬಿಟ್ಟು, ನನ್ನ ಎರಡೂ ತಾಡಪಾಲನ್ನು ಅವುಗಳ ಮೇಲೆ ಹಾಸಿ ಬಿಗಿದೆ. ಮೂವತ್ತು ವರ್ಷದಿಂದ ಚಪ್ಪರ ಕಟ್ಟಿದ ಕೈ, ಗಂಟು ಸಡಿಲವಾಗುವ ಪ್ರಶ್ನೆಯೇ ಇಲ್ಲ ಎಂದುಕೊಂಡೆ. ಅಷ್ಟು ಹೊತ್ತಿಗೆ ಕಡಲಿನ ಬಣ್ಣ ಬದಲಾಗಿತ್ತು. ದೂರದಲ್ಲಿ ಕಪ್ಪಗೆ ಒಂದು ಗೆರೆ, ದಡದಲ್ಲಿ ಅಲೆ ಬೀಳುವ ಸದ್ದು ಮೊದಲಿನಂತಿರಲಿಲ್ಲ.

ಹೊರಡುವಾಗ ಅತ್ತೆಯ ಮಗಳು ಗಾಡಿ ಹತ್ತಲಿಲ್ಲ. "ನಾನ್ ಶಾಲಿಗ್ ಹೋತೆ. ಊರವ್ರೆಲ್ಲ ಅಲ್ಲೇ ಇದ್ರ್. ಗಾಳಿ ಮುಗ್ದ ಮೇಲೆ ಕೆಲ್ಸಕ್ ಹೋಯ್ಕ್," ಎಂದಳು. ಮಗಳು ಚಾಪೆ, ಒಂದು ಚೀಲ ಹಿಡಿದು ಊರವರ ಹಿಂದೆ ನಡೆದಳು. ಎಳೆದು ಕೂರಿಸಿಕೊಳ್ಳುವ ವಯಸ್ಸು ಅವಳದಲ್ಲ.

ಹುಲಿಕಲ್ಲಿನಲ್ಲಿ ಮರ ಬಿದ್ದು ದಾರಿ ಮುಚ್ಚಿದೆ ಎಂದು ಪೆಟ್ರೋಲ್ ಬಂಕಿನಲ್ಲಿ ತಿಳಿಯಿತು. ಸುತ್ತು ಬಳಸಿ ಆಗುಂಬೆ ಹತ್ತಬೇಕಾಯಿತು. ಘಾಟಿಯ ಮೊದಲ ತಿರುವಿನಲ್ಲೇ ಮಳೆ ಹಿಡಿಯಿತು. ಹೇರಿದ್ದು ಹೆಚ್ಚಾಗಿತ್ತು, ಗಾಡಿ ಪ್ರತಿ ತಿರುವಿನಲ್ಲೂ ಏದುಸಿರು ಬಿಡುತ್ತಾ ನಿಲ್ಲುತ್ತಿತ್ತು. ಹಿಂದೆ ಹಂಚು ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿತ್ತು. ಅತ್ತೆ ಡ್ಯಾಶ್ ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು, "ಒಂದೂ ಒಡೀಬಾರ್ದು, ಒಂದೂ ಒಡೀಬಾರ್ದು," ಎಂದು ಜಪ ಮಾಡಿದಂತೆ ಹೇಳುತ್ತಿದ್ದಳು. ತೀರ್ಥಹಳ್ಳಿಯಲ್ಲಿ ಚಾ ಕುಡಿಯಲು ನಿಲ್ಲಿಸಿದರೂ ಇಳಿಯಲಿಲ್ಲ. ಹೋಟೆಲಿನ ಟಿ.ವಿ.ಯ ಮುಂದೆ ಜನ ಗುಂಪು ಕಟ್ಟಿದ್ದರು. ಯಾರೋ ನನ್ನ ಗಾಡಿಯ ಬಾಗಿಲು ಕಿಟಕಿ ನೋಡಿ, "ಎಂತ ಮಾರಾಯ, ಮನೆನೇ ಕಿತ್ಕಂಡ್ ಬಂದ್ಯಾ?" ಎಂದು ನಕ್ಕ. ನನಗೆ ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಚಾ ಅರ್ಧಕ್ಕೆ ಬಿಟ್ಟು ಹೊರಟೆ.

ಮನೆಗೆ ಬಂದು ಹಂಚು ಇಳಿಸಿ ಜೋಡಿಸಿದ ಮೇಲೆ ಅತ್ತೆ ಊಟ ಮಾಡಿದಳು. ಅಷ್ಟು ನಿರಾಳವಾಗಿ ಅವಳು ಉಂಡದ್ದನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ. "ನಮ್ಮಪ್ಪ ಇದ್ದಿದ್ರೆ ನೋಡಿ ಕಲೀಬಹುದಿತ್ತು," ಎಂದು ನನ್ನ ಹೆಂಡತಿಯ ಬಳಿ ಹೇಳಿ ಸಣ್ಣದಾಗಿ ನಕ್ಕಳು.

ಆಮೇಲೆ ಆದದ್ದು ಇಷ್ಟು. ಚಂಡಮಾರುತ ಬರಲಿಲ್ಲ. ಕಡಲ ನಡುವೆಯೇ ಮುಖ ತಿರುಗಿಸಿಕೊಂಡು ಬಡಗು ದಿಕ್ಕಿಗೆ ಹೋಯಿತು. ಟಿ.ವಿ.ಯ ಕೋಟಿನವನು ನಮ್ಮನ್ನು ಬಿಟ್ಟು ಬೇರೆ ಊರಿನ ಹೆಸರು ಕೂಗತೊಡಗಿದ. ನಮ್ಮ ಕರಾವಳಿಗೆ ಸಿಕ್ಕಿದ್ದು ಅದರ ಸೆರಗಿನ ಗಾಳಿ, ಮತ್ತು ಮಳೆ. ಮಳೆ ಮಾತ್ರ ಹಗಲೂ ರಾತ್ರಿ ಒಂದೇ ಸಮ ಹೊಯ್ಯಿತು. ನಮ್ಮ ಮನೆಯ ಟಿ.ವಿ.ಯಲ್ಲಿ ಅಪಾಯ ತಪ್ಪಿತು ಎಂದು ತೋರಿಸಿದಾಗ ನನ್ನ ಹೆಂಡತಿ ದೇವರಿಗೆ ಕೈ ಮುಗಿದಳು. ಅತ್ತೆ ಕೈ ಮುಗಿಯಲಿಲ್ಲ. ಎದ್ದು ಹೊರಗೆ ಹೋಗಿ ಮಳೆಯನ್ನು ನೋಡುತ್ತಾ ನಿಂತಳು. ಗೋಡೆಯ ಗತಿ ಅವಳಿಗೆ ಆಗಲೇ ತಿಳಿದಿತ್ತು ಎಂದು ನನಗನ್ನಿಸುತ್ತದೆ.

ಫೋನು ಮಾಡಿದ್ದು ಪಕ್ಕದ ಮನೆಯ ಮೀನುಗಾರ. ತಾಡಪಾಲು ಮೊದಲ ಗಾಳಿಗೇ ಹರಿದು ಒಂದು ದೋಣಿಗೆ ಸುತ್ತಿಕೊಂಡಿದೆ, ಗೋಡೆ ನೀರು ಕುಡಿಯುತ್ತಿದೆ ಎಂದ. ನನ್ನ ಗಂಟು ಬಿಚ್ಚಿರಲಿಲ್ಲವಂತೆ, ತಾಡಪಾಲೇ ಗಂಟಿನ ಪಕ್ಕದಲ್ಲಿ ಸೀಳಿತ್ತಂತೆ. ಬೇರೆ ತಾಡಪಾಲು ಹಿಡಿದು ಹೊರಡೋಣವೆಂದರೆ ಹುಲಿಕಲ್ಲಿನ ಮರ ಇನ್ನೂ ತೆಗೆದಿರಲಿಲ್ಲ, ಆಗುಂಬೆಯಲ್ಲಿ ಗುಡ್ಡ ಜರಿದಿತ್ತು. ಮರುದಿನ ಅವನು ಮತ್ತೆ ಫೋನು ಮಾಡಿ, "ಕಡಲ್ ಬದಿ ಗೋಡಿ ಕೂತ್ಕಂತ್ ಮಾರಾಯ್ರೆ," ಎಂದ. ಅವನು ಬೈದಿದ್ದರೆ, ಹೇಳಿರಲಿಲ್ಲವೇ ಎಂದಿದ್ದರೆ, ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಸಾವಿನ ಮನೆಗೆ ಸುದ್ದಿ ಹೇಳುವವನ ಹಾಗೆ ಮೆತ್ತಗೆ ಹೇಳಿ ಇಟ್ಟ.

ಘಾಟಿ ತೆರೆದ ದಿನ ಅತ್ತೆಯನ್ನು ಕರೆದುಕೊಂಡು ಇಳಿದೆ. ಬಿಸಿಲು ಬಂದಿತ್ತು. ದೋಣಿಗಳು ಆಗಲೇ ಮರಳಿಗೆ ಇಳಿದಿದ್ದವು, ಹೆಂಗಸರು ಮೀನು ಹರಡುತ್ತಿದ್ದರು, ಒಬ್ಬ ಮಾಡಿನ ಮೇಲೆ ಕುಳಿತು ಜಾರಿದ ಹಂಚನ್ನು ಸರಿಪಡಿಸುತ್ತಿದ್ದ. ಆ ಸಾಲಿನಲ್ಲಿ ಎಲ್ಲ ಮನೆಗಳೂ ಇದ್ದವು. ಅತ್ತೆಯ ಮನೆಯ ಜಾಗದಲ್ಲಿ ಕೆಂಪು ಮಣ್ಣಿನ ಗುಪ್ಪೆ, ಅದರಿಂದ ಎದ್ದು ನಿಂತ ತೊಲೆಯ ಒಂದು ತುದಿ. ಅಡುಗೆ ಮನೆಯ ಒಂದು ಗೋಡೆ ಮಾತ್ರ ಎದೆಯ ಎತ್ತರಕ್ಕೆ ಉಳಿದಿತ್ತು. ಮಸಿಯ ಗುರುತಿನಿಂದ ಒಲೆ ಎಲ್ಲಿತ್ತೆಂದು ತಿಳಿಯುತ್ತಿತ್ತು. ತೆಂಗಿನ ಬುಡದ ಹಂಚು ಇಟ್ಟ ಹಾಗೇ ಇತ್ತು, ಒಂದೂ ಒಡೆದಿರಲಿಲ್ಲ.

ಹಾನಿ ನೋಡಲು ಬಂದ ಸರ್ಕಾರದ ಹುಡುಗ ಒಳ್ಳೆಯವನು. ಚಪ್ಪಲಿ ಕಳಚಿಯೇ ಗುಪ್ಪೆಯ ಹತ್ತಿರ ಹೋದ. "ಅಮ್ಮಾ, ಗಾಳಿಗೆ ಹೋದ ಮನೆಯಾಗಿದ್ದರೆ ಏನಾದರೂ ಪರಿಹಾರ ಕೊಡಿಸಬಹುದಿತ್ತು," ಎಂದ. ಇನ್ನೊಂದು ಮಾತನ್ನು ಹೇಳಲು ಅವನಿಗೆ ಕಷ್ಟವಾಯಿತು, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ. ಕಡಲಿಗೆ ಇಷ್ಟು ಹತ್ತಿರ ಇದ್ದ ಮನೆಯನ್ನು ರಿಪೇರಿ ಮಾಡಿಕೊಂಡು ಇರಬಹುದಂತೆ, ಹೊಸದಾಗಿ ಎಬ್ಬಿಸಲು ಅನುಮತಿ ಸಿಗುವುದು ಅನುಮಾನವಂತೆ. ಇದ್ದಷ್ಟು ದಿನ ಇತ್ತು, ಇನ್ನು ಇಲ್ಲ.

ಅತ್ತೆಗೆ ಅದನ್ನು ನಾನು ಹೇಳಲಿಲ್ಲ. ಅವಳು ಕೇಳಿಸಿಕೊಂಡಿದ್ದಳೋ ಏನೋ, ಮಣ್ಣಿನ ನಡುವೆ ನಿಂತ ಮಗಳ ಹತ್ತಿರ ಹೋಗಿ ಗಡಿಬಿಡಿಯಿಂದ ಮಾತಾಡತೊಡಗಿದಳು. "ಹಂಚು ಅಷ್ಟೂ ಇದೆ ಮಗಾ. ಬಾಗ್ಲು ಇದೆ. ಇದೊಂದು ಮಳೆಗಾಲ ಭಾವನ ಮನೇಲಿ ಇರಣ. ಆಮೇಲೆ ಎಲ್ಲಾದ್ರೂ..."

ಮಗಳು ಕಾರ್ಖಾನೆಯಿಂದ ನೇರ ಬಂದಿದ್ದಳು. ಗೋಡಂಬಿ ಸೊನೆಗೆ ಕಪ್ಪಾದ ಬೆರಳುಗಳಿಂದ ಮಣ್ಣೊಳಗೆ ಏನೋ ಹುಡುಕುತ್ತಿದ್ದವಳು ಎದ್ದು ನಿಂತಳು. ದನಿ ಏರಿಸಲಿಲ್ಲ.

"ನಿನ್ ಮನಿ ನೀರ್ ತಕಂಡ್ ಹೋಯ್ತ್ ಅಂತ ಸಣ್ಣೋಳಿಂದ ಕೇಂತಾ ಬಂದೆ. ನನ್ ಮನಿ ಯಾರ್ ತಕಂಡ್ ಹೋದ್ರ್ ಅಮ್ಮಾ?"

ಅತ್ತೆ ಸುತ್ತ ನೋಡಿದಳು. ಕಡಲನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ನನ್ನ ಕಡೆ ಬೆರಳು ತೋರಿಸಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆ.

"ನಾನೇ ಮಗಾ," ಎಂದಳು.

ಮಗಳು ಮೀನುಗಾರನ ಮನೆಯ ಕಡೆ ನಡೆದಳು. ಅತ್ತೆ ಗಾಡಿಯ ಮುಂದಿನ ಸೀಟಿನಲ್ಲಿ ಹೋಗಿ ಕುಳಿತಳು. ನಾನು ಎರಡು ಕಡೆಯೂ ನೋಡಿ, ಬಂದು ಗಾಡಿ ಚಾಲೂ ಮಾಡಿದೆ. ಮಲೆನಾಡಿನ ಜನ ಗಟ್ಟಿಗರು, ಏನು ಬಂದರೂ ತಡೆದುಕೊಳ್ಳುತ್ತಾರೆ ಎಂದು ಭಾಷಣದಲ್ಲಿ ಹೇಳುವವರನ್ನು ಕಂಡರೆ ನನಗೆ ಅಂದಿನಿಂದ ಮೈ ಉರಿಯುತ್ತದೆ. ಒಂದು ಸಲ ಎದ್ದು ಬಂದವರಿಗೆ ಕುಳಿತುಕೊಳ್ಳುವ ಧೈರ್ಯ ಹೋಗಿರುತ್ತದೆ, ಅಷ್ಟೇ. ಅದನ್ನು ಗಟ್ಟಿತನ ಎನ್ನುತ್ತಾರೆ.

ಈಗ ಅತ್ತೆಯ ಮಗಳು ಕಾರ್ಖಾನೆಯ ಹತ್ತಿರ ಇನ್ನೊಬ್ಬಳ ಜೊತೆ ಬಾಡಿಗೆ ಕೋಣೆಯಲ್ಲಿದ್ದಾಳೆ. ಅತ್ತೆ ನಮ್ಮಲ್ಲಿದ್ದಾಳೆ. ಭಾನುವಾರ ಆ ಮಗಳು ನನಗೆ ಫೋನು ಮಾಡುತ್ತಾಳೆ. ಕೆಲಸದ ಸುದ್ದಿ, ಊರಿನ ಸುದ್ದಿ ಎಲ್ಲ ಹೇಳಿ ಕೊನೆಗೆ, "ಅಮ್ಮ ಉಂಡ್ಳಾ?" ಎಂದು ಕೇಳುತ್ತಾಳೆ. ಫೋನು ಅವಳಿಗೇ ಕೊಡುತ್ತೇನೆ, ನೀನೇ ಕೇಳು ಎಂದರೆ, "ಬ್ಯಾಡ ಭಾವ," ಎಂದು ಇಟ್ಟುಬಿಡುತ್ತಾಳೆ. ಅತ್ತೆ ಅಷ್ಟು ಹೊತ್ತೂ ಅಡುಗೆ ಮನೆಯ ಹೊಸ್ತಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿರುತ್ತಾಳೆ.

"ಎಂತ ಕೇಳಿದ್ಲು?"

"ನೀನು ಉಂಡ್ಯಾ ಅಂತ ಕೇಳಿದ್ಲು."

"ಉಂಡಿದಾಳೆ ಅಂದ್ಯಲ್ಲ?"

"ಅಂದೆ."

"ಹಾಗೇ ಹೇಳು," ಎನ್ನುತ್ತಾಳೆ. ಒಳಗೆ ಅವಳ ತಟ್ಟೆಯಲ್ಲಿ ಬಡಿಸಿದ ಅನ್ನ ಹಾಗೇ ಇರುತ್ತದೆ.